ನಿನಗೇಕಯ್ಯ ಆ ಉಸಾಬರಿ?

ಪತ್ತೇದಾರಿ ಕಾದಂಬರಿಗಳನ್ನು ಓದಿ ಕೆಟ್ಟವರ ಪೈಕಿ ನಾನೂ ಒಬ್ಬ. ಹೈಸ್ಕೂಲಿನಲ್ಲಿದ್ದಾಗ ರೇಖಾಗಣಿತದ ಪುಸ್ತಕದೊಳಗೆ ಇನ್ನೊಂದು ಪುಸ್ತಕವನ್ನು ಅಡಗಿಸಿಟ್ಟುಕೊಂಡು ಓದುವ ಕಲೆಯನ್ನು ನಾನು ರೇಖಾಗಣಿತಕ್ಕಿಂತ ಚೆನ್ನಾಗಿ ಕಲಿತಿದ್ದೆ. ಆ ಓದಿನ ಫಲವಾಗಿ ಬೇಹುಗಾರರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಅಚ್ಚೊತ್ತಿ ನಿಂತಿತ್ತು. ಬೇಹುಗಾರನೆಂದರೆ ಉದ್ದನೆಯ ಕೋಟು, ಹುಬ್ಬಿನವರೆಗೆ ಎಳೆದ ಟೋಪಿ, ಕಿಸೆಯಲ್ಲಿ ಪಿಸ್ತೂಲು. ಬೇಹುಗಾರರ ಮುಖ್ಯಸ್ಥನಿಗೆ ಇದಾವುದೂ ಬೇಡ. ಅವನು ಕತ್ತಲ ಕೋಣೆಯಲ್ಲಿ ಕುಳಿತು ಲೋಕವನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವವನು. ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ. ಅವನು ಹೇಳಿದ್ದನ್ನು ಕೇಳದ ಮಂತ್ರಿಯಿಲ್ಲ.

ಈ ಚಿತ್ರಕ್ಕೆ ನಮ್ಮ ಹಿರಿಯರ ಬೆಂಬಲವೂ ಇತ್ತು. ಅರಸರು ಚಾರರ ಕಣ್ಣಿನಿಂದ ನೋಡುತ್ತಾರೆಂದು ಹಿಂದಿನವರು ಹೇಳಿದರು. ಕೌಟಿಲ್ಯನು ತಾಪಸ, ವರ್ತಕ, ರೈತ ಎಂದು ಬೇಹುಗಾರರಿಗೆ ವೇಷಗಳನ್ನೇ ಹಂಚಿಕೊಟ್ಟ. ಎಲ್ಲ ಸರಿ. ಆದರೆ ಕಣ್ಣು ಕಂಡದ್ದನ್ನು ತಲೆಯು ‘ನಾನು ನೋಡಲೊಲ್ಲೆ’ ಎಂದರೆ ಕಣ್ಣು ಏನು ಮಾಡಬೇಕು? ಈ ಪ್ರಶ್ನೆ ನನಗೆ ಹೊಳೆದದ್ದು ಈಚೆಗೆ. ಅದೂ ನಮ್ಮ ಬೆಂಗಳೂರಿನ ಅವೆನ್ಯೂ ರಸ್ತೆಯ ಕೃಪೆಯಿಂದ.

ಅಲ್ಲಿಯ ಹಳೆಯ ಪುಸ್ತಕದ ರಾಶಿಯೊಂದರಲ್ಲಿ ರಟ್ಟು ಕಳೆದುಕೊಂಡ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಅಂಗಡಿಯವನು ಎಂಬತ್ತು ರೂಪಾಯಿ ಎಂದ. ನಾನು ನಲವತ್ತು ಎಂದೆ. ಇಬ್ಬರ ಮಾನವೂ ಉಳಿಯುವಂತೆ ಅರವತ್ತಕ್ಕೆ ಇತ್ಯರ್ಥವಾಯಿತು. ಮನೆಗೆ ತಂದಾಗ ನನ್ನ ಹೆಂಡತಿ, “ಇನ್ನೊಂದಿಷ್ಟು ಕಸ ತಂದಿರಾ?” ಎಂದಳು. ಆ ಮಾತಿನ ಸ್ವಾರಸ್ಯ ನನಗೆ ಆಮೇಲೆ ತಿಳಿಯಿತು. ಏಕೆಂದರೆ ಆ ಪುಸ್ತಕದ ಕಥೆ ಹುಟ್ಟಿದ್ದೇ ಒಂದು ಕಸದ ಬುಟ್ಟಿಯಲ್ಲಿ.

ಅದು ಫ್ರಾನ್ಸಿನ ಡ್ರೈಫಸ್ ಪ್ರಕರಣದ ಪುಸ್ತಕ. ಕಾಲೇಜಿನಲ್ಲಿ ಚರಿತ್ರೆ ಓದಿದವರಿಗೆ ಆ ಹೆಸರು ನೆನಪಿದ್ದೀತು. 1894ರಲ್ಲಿ ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯಿಂದ ಒಂದು ಕಾಗದ ಫ್ರೆಂಚ್ ಸೈನ್ಯದವರ ಕೈಗೆ ಬಂತು. ಅದಕ್ಕೆ ಸಹಿಯಿಲ್ಲ, ತಾರೀಖಿಲ್ಲ. 120 ಮಿಲಿಮೀಟರ್ ತೋಪಿನ ಬ್ರೇಕಿನ ವಿವರ ಮೊದಲಾದ ಸೈನಿಕ ರಹಸ್ಯಗಳನ್ನು ಕಳುಹಿಸುತ್ತಿದ್ದೇನೆ ಎಂಬ ಒಂದು ಪಟ್ಟಿ, ಅಷ್ಟೆ. ಬರೆದವನು ಯಾರೋ ನಮ್ಮವನೇ ಎಂದು ಹುಡುಕಿದರು. ಅನುಮಾನ ಹೋಗಿ ನಿಂತದ್ದು ಆಲ್ಫ್ರೆಡ್ ಡ್ರೈಫಸ್ ಎಂಬ ಕ್ಯಾಪ್ಟನ್ನನ ಮೇಲೆ. ಆತ ಯಹೂದಿ; ಅದೇ ಅರ್ಧ ಸಾಕ್ಷ್ಯ. ಬರವಣಿಗೆ ಸ್ವಲ್ಪ ಹೋಲುತ್ತಿತ್ತು, ಅದು ಉಳಿದರ್ಧ. ಇಷ್ಟೂ ಸಾಲದೆಂದು ರಹಸ್ಯ ಕಾಗದಗಳ ಒಂದು ಕಟ್ಟನ್ನು ಆರೋಪಿಗೂ ಅವನ ವಕೀಲನಿಗೂ ತೋರಿಸದೆ ನ್ಯಾಯಾಧೀಶರ ಕೈಗೆ ಮುಟ್ಟಿಸಿದರು. ಸೈನಿಕ ನ್ಯಾಯಾಲಯ ಅವನನ್ನು ಒಮ್ಮತದಿಂದ ದ್ರೋಹಿಯೆಂದು ತೀರ್ಮಾನಿಸಿತು. 1895ರ ಜನವರಿ 5ರಂದು ಪಡೆಯ ಎದುರಿಗೆ ನಿಲ್ಲಿಸಿ, ಅವನ ಸಮವಸ್ತ್ರದ ಗುಂಡಿ ಪಟ್ಟಿಗಳನ್ನು ಕಿತ್ತು, ಕತ್ತಿಯನ್ನು ಮುರಿದರು. ಆಮೇಲೆ ದಕ್ಷಿಣ ಅಮೆರಿಕದ ಕರಾವಳಿಯಾಚೆಯ ‘ದೆವ್ವದ ದ್ವೀಪ’ಕ್ಕೆ ಸಾಗಿಸಿದರು.

ಈ ಕಥೆಯನ್ನು ಓದುವವರು ಡ್ರೈಫಸ್ಸನಿಗಾಗಿ ಮರುಗುತ್ತಾರೆ. ಇಲ್ಲವೇ ಅವನ ಪರವಾಗಿ ಗುಡುಗಿದ ಕಾದಂಬರಿಕಾರ ಎಮಿಲ್ ಝೋಲಾನನ್ನು ಮೆಚ್ಚುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದವನು ಇವರಿಬ್ಬರೂ ಅಲ್ಲ. ಜಾರ್ಜ್ ಪಿಕಾರ್ ಎಂಬ ಮೂರನೆಯವನು. ಆತ ಫ್ರೆಂಚ್ ಸೈನ್ಯದ ಗೂಢಚಾರ ಶಾಖೆಯ ಮುಖ್ಯಸ್ಥ.

ಆ ಶಾಖೆಗೆ ಫ್ರೆಂಚರು ಇಟ್ಟಿದ್ದ ಹೆಸರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ‘ಅಂಕಿಅಂಶ ಶಾಖೆ’! ಸ್ವಾಮಿ, ನಾನು ಒಂದು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಅಂಕಿಅಂಶ ಶಾಖೆಯಲ್ಲಿಯೇ. ಅವರಲ್ಲಿ ಅಂಕಿಅಂಶದ ಹೆಸರಿನಲ್ಲಿ ಗೂಢಚರ್ಯೆ ನಡೆಯುತ್ತಿತ್ತು. ನಮ್ಮಲ್ಲಿ ಅಂಕಿಅಂಶದ ಹೆಸರಿನಲ್ಲಿ ಕಾಫಿ ಸೇವನೆ ನಡೆಯುತ್ತಿತ್ತು. ಆದರೂ ಒಂದು ಬಗೆಯ ನಂಟು ಹುಟ್ಟಿತು. ಪುಸ್ತಕವನ್ನು ಕೆಳಗಿಡಲಿಲ್ಲ.

ಪಿಕಾರ್ ಹುಟ್ಟಿದ್ದು 1854ರಲ್ಲಿ, ಆಲ್ಸೇಸ್ ಪ್ರಾಂತದ ಸ್ಟ್ರಾಸ್‌ಬರ್ಗಿನಲ್ಲಿ. ಅವನಿಗೆ ಹದಿನಾರು ತುಂಬುವ ಹೊತ್ತಿಗೆ ಜರ್ಮನರು ಆ ಊರಿಗೆ ಮುತ್ತಿಗೆ ಹಾಕಿ ತೋಪು ಹಾರಿಸಿದರು. ಮರುವರ್ಷ ಆಲ್ಸೇಸ್ ಅವರ ಪಾಲಾಯಿತು. ಊರು ಕಳೆದುಕೊಂಡ ಹುಡುಗನಿಗೆ ಸೈನ್ಯವೇ ಊರಾಯಿತೆಂದು ಕಾಣುತ್ತದೆ. ಸೈನಿಕ ಶಾಲೆ ಸೇರಿದ. ಅಲ್ಜೀರಿಯ, ಟೊಂಕಿನ್ ಎಂದು ದೂರದೇಶಗಳಲ್ಲಿ ಸೇವೆ ಮಾಡಿದ. ಯುದ್ಧ ವಿದ್ಯಾಲಯದಲ್ಲಿ ಪಾಠ ಹೇಳಿದ. ಅಲ್ಲಿ ಅವನ ಶಿಷ್ಯರಲ್ಲಿ ಡ್ರೈಫಸ್ಸನೂ ಒಬ್ಬನಾಗಿದ್ದ. ಮದುವೆಯಾಗಲಿಲ್ಲ. ಜರ್ಮನ್ ಚೆನ್ನಾಗಿ ಬರುತ್ತಿತ್ತು, ಸಂಗೀತವೆಂದರೆ ಪ್ರಾಣ. 1895ರ ಜುಲೈ 1ರಂದು, ಹಿಂದಿನ ಮುಖ್ಯಸ್ಥ ಕಾಯಿಲೆ ಬಿದ್ದನೆಂದು, ಅಂಕಿಅಂಶ ಶಾಖೆಯನ್ನು ಇವನ ಕೈಗೆ ಕೊಟ್ಟರು. ಮರುವರ್ಷ ಏಪ್ರಿಲಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಆದ. ಆ ಪದವಿಯಲ್ಲಿ ಇಡೀ ಫ್ರೆಂಚ್ ಸೈನ್ಯಕ್ಕೆ ಅವನೇ ಕಿರಿಯ. ಮುಂದೆ ಜನರಲ್ ಆಗುವುದು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದ ಕಾಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಪಿಕಾರನಿಗೆ ಯಹೂದಿಗಳೆಂದರೆ ಆಗುತ್ತಿರಲಿಲ್ಲ. ಅವನ ವರ್ಗದ, ಅವನ ಕಾಲದ ಅಧಿಕಾರಿಗಳಲ್ಲಿ ಬಹುಮಂದಿಗೆ ಇದ್ದ ತಾತ್ಸಾರ ಅವನಿಗೂ ಇತ್ತು. ಡ್ರೈಫಸ್ಸನ ವಿಚಾರಣೆಯಲ್ಲಿ ಸೈನ್ಯದ ಪರವಾಗಿ ಕುಳಿತು ನೋಡಿ ವರದಿ ಮಾಡಿದವರಲ್ಲಿ ಅವನೂ ಒಬ್ಬ. ತೀರ್ಪು ಸರಿಯೆಂದೇ ನಂಬಿದ್ದ. ಅವನು ಮುಖ್ಯಸ್ಥನಾದಾಗ ಸೇನಾ ಸಿಬ್ಬಂದಿಯ ಮಹಾಧಿಪತಿ ಅವನಿಗೆ ಹೇಳಿದ್ದೂ ಒಂದೇ: ಡ್ರೈಫಸ್ಸನ ಫೈಲು ಬಡಕಲಾಗಿದೆ, ಅದಕ್ಕೆ ಇನ್ನಷ್ಟು ಸಾಕ್ಷ್ಯ ಉಣಿಸಿ ಬಲಪಡಿಸು, ಎಂದು.

ಈಗ ಕಸದ ಬುಟ್ಟಿಯ ವಿಷಯ. ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುವ ಹೆಂಗಸೊಬ್ಬಳಿದ್ದಳು. ಆಕೆಯನ್ನು ಓದುಬರಹ ಬಾರದ ಪೆದ್ದಿಯೆಂದು ಜರ್ಮನರು ತಿಳಿದಿದ್ದರು. ಅವರು ಹರಿದೆಸೆದ ಕಾಗದದ ಚೂರುಗಳನ್ನೆಲ್ಲ ಆಕೆ ಚೀಲದಲ್ಲಿ ತುಂಬಿ, ಒಂದು ಚರ್ಚಿನಲ್ಲಿ ಪಿಕಾರನ ಶಾಖೆಯವರ ಕೈಗೆ ಒಪ್ಪಿಸುತ್ತಿದ್ದಳು. ಅಧಿಕಾರಿಗಳು ಕುಳಿತು ಆ ಚೂರುಗಳನ್ನು ಗೋಂದಿನಿಂದ ಅಂಟಿಸುವರು. ಪತ್ತೇದಾರಿ ಕಾದಂಬರಿಗಳಲ್ಲಿ ಇಂಥ ಕೆಲಸದ ಪ್ರಸ್ತಾಪವೇ ಇರುವುದಿಲ್ಲ; ಅಲ್ಲಿ ಎಲ್ಲ ರಹಸ್ಯಗಳೂ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತವೆ.

1896ರ ಮಾರ್ಚಿನಲ್ಲಿ ಬಂದ ಚೀಲದಲ್ಲಿ ಒಂದು ನೀಲಿ ಕಾರ್ಡಿನ ಚೂರುಗಳಿದ್ದವು. ಪ್ಯಾರಿಸ್ಸಿನೊಳಗೆ ನಳಿಗೆಗಳ ಮೂಲಕ ಬೇಗ ತಲುಪಿಸುತ್ತಿದ್ದ ಅಂಚೆಯ ಕಾರ್ಡು ಅದು. ಮೂವತ್ತಕ್ಕೂ ಹೆಚ್ಚು ಚೂರು. ಅಂಟಿಸಿ ನೋಡಿದರೆ, ಯಾವುದೋ ವಿಷಯಕ್ಕೆ ಇನ್ನಷ್ಟು ವಿವರಣೆ ಬೇಕೆಂದು ಕೇಳಿದ ಪತ್ರ. ವಿಳಾಸ ಫ್ರೆಂಚ್ ಪದಾತಿದಳದ ಮೇಜರ್ ಎಸ್ಟರ್‌ಹಾಜಿಯದು. ಬರೆಸಿದವನು ಮನಸ್ಸು ಬದಲಾಯಿಸಿ ಹರಿದುಹಾಕಿದ್ದ. ‘ಇನ್ನೊಬ್ಬ ದ್ರೋಹಿ ಇದ್ದಾನೆ’ ಎಂದಷ್ಟೇ ಪಿಕಾರ್ ಆಗ ಭಾವಿಸಿದ್ದು. ಎಸ್ಟರ್‌ಹಾಜಿ ಮೈತುಂಬ ಸಾಲ ಮಾಡಿಕೊಂಡ ಮನುಷ್ಯ. ಜೂಜು, ಷೇರು, ಹೆಂಗಸರು ಎಲ್ಲವೂ ಇದ್ದವು. ಅವನ ಮೇಲೆ ಸದ್ದಿಲ್ಲದೆ ಕಣ್ಣಿಟ್ಟ.

ಆಗಸ್ಟಿನ ಕೊನೆಯಲ್ಲಿ ಎಸ್ಟರ್‌ಹಾಜಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡ. ಯುದ್ಧ ಇಲಾಖೆಯಲ್ಲಿ ತನಗೊಂದು ಕೆಲಸ ಕೊಡಬೇಕೆಂದು ಅವನು ಬರೆದುಕೊಂಡಿದ್ದ ಅರ್ಜಿಗಳು ಪಿಕಾರನ ಮೇಜಿಗೆ ಬಂದವು. ಆ ಅಕ್ಷರಗಳನ್ನು ನೋಡುತ್ತಲೇ ಪಿಕಾರನಿಗೆ ಇವನ್ನು ಹಿಂದೆಲ್ಲೋ ನೋಡಿದ್ದೇನೆ ಎನ್ನಿಸಿತು. ಬೀರುವಿನಿಂದ ಡ್ರೈಫಸ್ಸನನ್ನು ಸೆರೆಗೆ ಕಳುಹಿಸಿದ ಆ ಪಟ್ಟಿಯ ಛಾಯಾಚಿತ್ರವನ್ನು ತೆಗೆದು ಪಕ್ಕದಲ್ಲಿಟ್ಟ. ಹೋಲಿಕೆಯಲ್ಲ; ಅದೇ ಕೈ.

ತನ್ನ ಕಣ್ಣನ್ನು ತಾನೇ ನಂಬದೆ, ಹಿಂದಿನ ವಿಚಾರಣೆಯಲ್ಲಿ ಡ್ರೈಫಸ್ಸನ ವಿರುದ್ಧ ಸಾಕ್ಷಿ ಹೇಳಿದ್ದ ಬೆರ್ತಿಯೋನ್ ಎಂಬ ಪಂಡಿತನಿಗೆ, ಹೆಸರು ಮರೆಮಾಡಿ, ಹೊಸ ಕಾಗದ ತೋರಿಸಿದ. ಇದು ಆ ಪಟ್ಟಿಯ ಬರವಣಿಗೆಯೇ ಎಂದು ಪಂಡಿತ ಒಪ್ಪಿದ. ಇದನ್ನು ಬರೆದದ್ದು ಡ್ರೈಫಸ್ ಸೆರೆಗೆ ಹೋದ ಮೇಲೆ ಎಂದು ತಿಳಿಸಿದಾಗ ಅವನು ಸ್ವಲ್ಪವೂ ಅಳುಕಲಿಲ್ಲ. ಹಾಗಾದರೆ ಯಹೂದಿಗಳು ಯಾರಿಗೋ ಆ ಬರವಣಿಗೆಯನ್ನು ಅಭ್ಯಾಸ ಮಾಡಿಸಿದ್ದಾರೆ ಎಂದುಬಿಟ್ಟ! ಪಾಂಡಿತ್ಯಕ್ಕೆ ಒಮ್ಮೆ ಹಟ ಹಿಡಿದರೆ ವೈದ್ಯವಿಲ್ಲ.

ಕೊನೆಗೆ ಪಿಕಾರ್, ನ್ಯಾಯಾಧೀಶರಿಗೆ ಗುಟ್ಟಾಗಿ ತೋರಿಸಿದ್ದ ಆ ಕಾಗದಗಳ ಕಟ್ಟನ್ನು ತರಿಸಿ ಬಿಚ್ಚಿದ. ಅದರಲ್ಲಿ ಡ್ರೈಫಸ್ಸನನ್ನು ಕಟ್ಟಿಹಾಕುವ ಪುರಾವೆ ಒಂದೂ ಇರಲಿಲ್ಲ. ಯಾವುದೋ ಪತ್ರದಲ್ಲಿ ‘ಡಿ’ ಎಂಬ ಒಂದಕ್ಷರವಿತ್ತು, ಅಷ್ಟೆ. ಒಂದಕ್ಷರದ ಮೇಲೆ ಒಬ್ಬ ಮನುಷ್ಯನನ್ನು ಜೀವಂತ ಹೂಳಿದ್ದರು.

ಅವನು ಮೇಲಧಿಕಾರಿಗಳ ಬಳಿಗೆ ಹೋದ. ಮಹಾಧಿಪತಿ ‘ಉಪಾಧಿಪತಿಯನ್ನು ನೋಡು’ ಎಂದ. ಉಪಾಧಿಪತಿ ಜನರಲ್ ಗೋನ್ಸ್ ‘ಎರಡು ಪ್ರಕರಣಗಳನ್ನೂ ಬೇರೆಬೇರೆಯಾಗಿಡು’ ಎಂದ. ಎಸ್ಟರ್‌ಹಾಜಿಯನ್ನು ಬೇಕಾದರೆ ಹಿಡಿ. ಆದರೆ ಡ್ರೈಫಸ್ಸನ ತಂಟೆಗೆ ಹೋಗಬೇಡ. ಒಂದೇ ಕಾಗದವನ್ನು ಇಬ್ಬರು ಬರೆದಿರಬೇಕು! 1896ರ ಸೆಪ್ಟೆಂಬರ್ 15ರಂದು ಇಬ್ಬರಿಗೂ ನಡೆದ ಮಾತನ್ನು ಪಿಕಾರ್ ಮುಂದೆ ನ್ಯಾಯಾಲಯದಲ್ಲಿ ಹೇಳಿದ್ದಾನೆ. ಆ ಯಹೂದಿ ದ್ವೀಪದಲ್ಲಿದ್ದರೆ ನಿನಗೇನಾಗಬೇಕು ಎಂದು ಜನರಲ್ ಕೇಳಿದ. ಆತ ನಿರಪರಾಧಿ ಎಂದ ಪಿಕಾರ್. ನೀನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದ ಜನರಲ್. ಪಿಕಾರ್ ಇದು ಅಸಹ್ಯವೆಂದ. ಏನು ಮಾಡುವೆನೋ ತಿಳಿಯದು, ಈ ಗುಟ್ಟನ್ನು ಮಾತ್ರ ಗೋರಿಗೆ ಕೊಂಡೊಯ್ಯಲಾರೆ ಎಂದು ಹೇಳಿ ಹೊರಟುಬಂದ.

ಅದೇ ಸೆಪ್ಟೆಂಬರಿನಲ್ಲಿ ದೆವ್ವದ ದ್ವೀಪದಲ್ಲಿ ಏನಾಗುತ್ತಿತ್ತೆಂದರೆ, ಡ್ರೈಫಸ್ ತಪ್ಪಿಸಿಕೊಂಡನೆಂದು ಸುಳ್ಳು ಸುದ್ದಿ ಹಬ್ಬಿದ್ದರಿಂದ, ಅವನ ಕಾಲುಗಳನ್ನು ರಾತ್ರಿಯೆಲ್ಲ ಮಂಚಕ್ಕೆ ಕಬ್ಬಿಣದ ಬೇಡಿ ತೊಡಿಸಿ ಬಿಗಿಯುತ್ತಿದ್ದರು. ಆ ಸೆಕೆಯಲ್ಲಿ, ಹುಳುಹುಪ್ಪಟೆಗಳ ನಡುವೆ, ಹೊರಳಲೂ ಆಗದಂತೆ. ತನ್ನ ಹೆಸರಿನಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಮಾತು ನಡೆಯಿತೆಂಬುದು ಅವನಿಗೆ ಗೊತ್ತಿರಲಿಲ್ಲ.

ನಾನು ಪುಸ್ತಕವನ್ನು ಕೆಳಗಿಟ್ಟದ್ದು ಆ ಪುಟದಲ್ಲಿ. ‘ನಿನಗೇನಾಗಬೇಕು’ ಎಂಬ ಆ ಮಾತು ನನಗೆ ಹೊಸದಾಗಿರಲಿಲ್ಲ. ಅದನ್ನು ನಾನು ಕನ್ನಡದಲ್ಲಿ ಕೇಳಿದ್ದೆ.

ಎಪ್ಪತ್ತರ ದಶಕದ ಮಾತು. ಆಗ ನಮ್ಮ ಕಚೇರಿಯಲ್ಲಿ ಸಂಬಳ, ಹಬ್ಬದ ಮುಂಗಡ ಎಲ್ಲವನ್ನೂ ನಗದಾಗಿ ಕೊಟ್ಟು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಒಂದು ಸಲ ಗೌರಿಹಬ್ಬದ ಮುಂಗಡ ಬಟವಾಡೆಯಾದಾಗ ಟೈಪಿಸ್ಟ್ ಒಬ್ಬರು ತಂಗಿಯ ಮದುವೆಗೆಂದು ರಜದ ಮೇಲೆ ಊರಿಗೆ ಹೋಗಿದ್ದರು. ಬಂದು ನೋಡಿದರೆ ಅವರ ನೂರೈವತ್ತು ರೂಪಾಯಿಯನ್ನು ಯಾರೋ ಅವರ ಹೆಸರಿನಲ್ಲಿ ಸಹಿ ಮಾಡಿ ತೆಗೆದುಕೊಂಡಾಗಿತ್ತು. ಅಂದು ಬಟವಾಡೆಯ ಪಟ್ಟಿಯನ್ನೂ ಹಣವನ್ನೂ ಮೇಜಿನಿಂದ ಮೇಜಿಗೆ ಹೊತ್ತು ತಿರುಗಿದವನು ನಮ್ಮ ಶಾಖೆಯ ಜವಾನ. ಅವನಿಗೆ ಸಾಲವಿತ್ತೆಂಬುದು ಎಲ್ಲರಿಗೂ ಗೊತ್ತು. ಇನ್ನೇನು ಬೇಕು? ವಿಚಾರಣೆ ಎಂಬ ಶಾಸ್ತ್ರ ನಡೆಯಿತು. ಹಣವನ್ನು ಅವನ ಸಂಬಳದಿಂದ ಮುರಿದುಕೊಂಡರು. ಒಂದು ಬಡ್ತಿ ನಿಲ್ಲಿಸಿದರು. ಹೆಂಡತಿ ಮಕ್ಕಳೊಂದಿಗೆ ದೂರದ ತಾಲ್ಲೂಕಿಗೆ ಎತ್ತಿಹಾಕಿದರು.

ನನಗೆ ಆಗ ಏನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೇ ಆಯಿತು. ಅವನು ಮಾತಿಗೆ ಮಾತು ಕೊಡುವ ಆಸಾಮಿ. ಕಾಫಿ ತರಿಸಿದರೆ ಆರಿಸಿಕೊಂಡು ತರುವನು. ನನ್ನಿಂದ ಐದು ರೂಪಾಯಿ ಕೈಗಡ ತೆಗೆದುಕೊಂಡು ವರ್ಷವಾಗಿತ್ತು. ಕೇಳಿದರೆ ‘ಎಲ್ಲಿ ಹೋಗ್ತೀನಿ ಸ್ವಾಮಿ?’ ಎನ್ನುವನು. ಕೊನೆಗೆ ಹೋಗಿಯೇಬಿಟ್ಟ.

ಆರೇಳು ತಿಂಗಳ ಮೇಲೆ, ಲೆಕ್ಕ ತನಿಖೆಗೆಂದು ಹಳೆಯ ರಿಜಿಸ್ಟರುಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಮುಂಗಡದ ಪಟ್ಟಿ ಕೈಗೆ ಸಿಕ್ಕಿತು. ಟೈಪಿಸ್ಟರ ಹೆಸರಿನ ಕೊನೆಯಲ್ಲಿ ‘ಯ್ಯ’ ಎಂದಿತ್ತು. ಆ ಒತ್ತಕ್ಷರದ ಬಾಲ ಚೇಳಿನ ಕೊಂಡಿಯಂತೆ ಮೇಲಕ್ಕೆ ಸುರುಳಿ ಸುತ್ತಿತ್ತು. ಅಂಥ ಕೊಂಡಿಯನ್ನು ನಮ್ಮ ಕಚೇರಿಯಲ್ಲಿ ಒಬ್ಬರೇ ಬರೆಯುತ್ತಿದ್ದುದು. ಪಕ್ಕದ ಶಾಖೆಯ ಫಸ್ಟ್ ಡಿವಿಷನ್ ಗುಮಾಸ್ತರು. ಅವರ ಟಿಪ್ಪಣಿಗಳನ್ನು ನಾನು ದಿನವೂ ಓದುತ್ತಿದ್ದೆ. ಹಾಜರಿ ಪುಸ್ತಕ ತಂದು ಪಕ್ಕದಲ್ಲಿಟ್ಟೆ. ಅವರು ಸಾಹೇಬರ ಕಡೆಯ ನೆಂಟರು ಎಂಬುದು ಇಲ್ಲಿ ಪ್ರಸ್ತುತವಲ್ಲ ಎಂದು ಹೇಳಲಾರೆ.

ಎರಡನ್ನೂ ಎತ್ತಿಕೊಂಡು ಹೆಡ್ ಗುಮಾಸ್ತರ ಬಳಿಗೆ ಹೋದೆ. ಅವರು ಕೆಟ್ಟವರಲ್ಲ, ನನ್ನ ಮಗನ ಅಕ್ಷರಾಭ್ಯಾಸಕ್ಕೆ ಬಂದು ಬೆಳ್ಳಿಯ ಲೋಟ ಕೊಟ್ಟವರು. ಕನ್ನಡಕ ಏರಿಸಿ ಎರಡನ್ನೂ ಬಹಳ ಹೊತ್ತು ನೋಡಿದರು. ಅವರಿಗೂ ಕಂಡಿತು, ಕಂಡಿತೆಂದು ನನಗೆ ಗೊತ್ತು. ಪುಸ್ತಕ ಮುಚ್ಚಿ ಮೆಲ್ಲಗೆ ಹೇಳಿದರು: “ಇರಬಹುದು ಕಣಯ್ಯ. ಇಲ್ಲ ಅಂದೆನೆ? ಆದರೆ ಫೈಲು ಮುಗಿದಿದೆ. ಅವನೇನು ನಿನ್ನ ನೆಂಟನೆ? ನಿನಗೇಕಯ್ಯ ಆ ಉಸಾಬರಿ? ಇನ್ನೆರಡು ತಿಂಗಳಿಗೆ ನಿನ್ನ ಪ್ರಮೋಷನ್ನು ಬರುತ್ತೆ.”

ರಿಜಿಸ್ಟರನ್ನು ಕಟ್ಟಿ ಬೀರುವಿನಲ್ಲಿಟ್ಟೆ. ಪ್ರಮೋಷನ್ನು ಬಂತು.

ಪಿಕಾರನಿಗೂ ಬರುತ್ತಿತ್ತು. ಆದರೆ ಅವನು ಬೀರು ಮುಚ್ಚಲಿಲ್ಲ; ಆದ್ದರಿಂದ ಅವನನ್ನೇ ಮುಚ್ಚಿಹಾಕಲು ಹೊರಟರು. ತಪಾಸಣೆಯ ನೆಪದಲ್ಲಿ ಗಡಿಗೆ ಕಳುಹಿಸಿದರು; ಅಲ್ಲಿಂದ ಟ್ಯುನೀಷಿಯಕ್ಕೆ ಅಟ್ಟಿದರು. ಅಲ್ಲಿಂದಲೂ ಮುಂದೆ, ಫ್ರೆಂಚನೊಬ್ಬ ಕೊಲೆಯಾಗಿದ್ದ ಟ್ರಿಪೋಲಿಯ ಗಡಿಯ ಕಡೆಗೆ ಹೋಗಲು ಅಪ್ಪಣೆ ಬಂತು. ಅಲ್ಲಿಯ ಸೇನಾಧಿಪತಿ ಒಳ್ಳೆಯವನಾಗಿದ್ದು ಬೇಡವೆಂದು ತಡೆದ. ಇತ್ತ ಶಾಖೆಯಲ್ಲಿ ಅವನ ಕೈಕೆಳಗಿದ್ದ ಮೇಜರ್ ಆನ್ರಿ, ಡ್ರೈಫಸ್ಸನ ಬಡಕಲು ಫೈಲಿಗೆ ಆಹಾರ ಒದಗಿಸುವ ಕೆಲಸವನ್ನು ತಾನೇ ಕೈಗೆತ್ತಿಕೊಂಡ. ಇಟಲಿಯ ಸೈನಿಕ ಪ್ರತಿನಿಧಿ ಬರೆದ ಪತ್ರದ ತಲೆ ಬಾಲಗಳನ್ನು ಉಳಿಸಿಕೊಂಡು, ನಡುವೆ ಡ್ರೈಫಸ್ಸನ ಹೆಸರಿರುವ ಒಕ್ಕಣೆ ಸೇರಿಸಿ ಅಂಟಿಸಿದ. ಅವನಿಗೆ ಗೋಂದಿನ ಅಭ್ಯಾಸ ಚೆನ್ನಾಗಿತ್ತಲ್ಲವೆ?

ಆಮೇಲಿನ ಕಥೆ ಲೋಕಕ್ಕೆ ಗೊತ್ತು. ಬೇಗ ಹೇಳಿ ಮುಗಿಸುತ್ತೇನೆ. 1898ರ ಜನವರಿ 11ರಂದು ಸೈನಿಕ ನ್ಯಾಯಾಲಯ ಎಸ್ಟರ್‌ಹಾಜಿಯನ್ನು ನಿರ್ದೋಷಿಯೆಂದು ಬಿಟ್ಟಿತು. 13ರಂದು ಝೋಲಾನ ‘ನಾನು ಆಪಾದಿಸುತ್ತೇನೆ’ ಎಂಬ ಪತ್ರ ಪತ್ರಿಕೆಯಲ್ಲಿ ಬಂತು. ಅದೇ ದಿನ ಪಿಕಾರನನ್ನು ಬಂಧಿಸಿದರು. ಫೆಬ್ರವರಿಯಲ್ಲಿ ಸೈನ್ಯದಿಂದ ತೆಗೆದರು. ಮಾರ್ಚಿನಲ್ಲಿ ಅವನಿಗೂ ಆನ್ರಿಗೂ ಕತ್ತಿಯ ದ್ವಂದ್ವಯುದ್ಧ ನಡೆದು ಆನ್ರಿಗೆ ಗಾಯವಾಯಿತು. ಜುಲೈಯಲ್ಲಿ ಯುದ್ಧಮಂತ್ರಿ ಆನ್ರಿಯ ಪತ್ರವನ್ನು ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ಓದಿದ; ಅದು ಖೋಟಾ ಎಂದು ತೋರಿಸಿಕೊಡುತ್ತೇನೆಂದು ಪಿಕಾರ್ ಪ್ರಧಾನಿಗೆ ಬರೆದ. ಅದಕ್ಕೆ ಬಹುಮಾನವಾಗಿ ಮತ್ತೆ ಸೆರೆ. ಈ ಸಲ ಸುಮಾರು ಹನ್ನೊಂದು ತಿಂಗಳು. ಆದರೆ ಆಗಸ್ಟಿನ ಒಂದು ರಾತ್ರಿ, ಮಂತ್ರಿಯ ಕಡೆಯವನೇ ಆದ ಅಧಿಕಾರಿಯೊಬ್ಬ ಆ ಪತ್ರವನ್ನು ದೀಪದ ಬೆಳಕಿಗೆ ಹಿಡಿದಾಗ, ಕಾಗದದ ಚೌಕಳಿ ಗೆರೆಗಳು ತುದಿಯಲ್ಲಿ ಒಂದು ಬಣ್ಣ, ನಡುವೆ ಇನ್ನೊಂದು ಬಣ್ಣವಾಗಿ ಕಂಡವು. ಆನ್ರಿ ತಪ್ಪೊಪ್ಪಿಕೊಂಡ, ಮರುದಿನ ಸೆರೆಯಲ್ಲಿ ಕ್ಷೌರದ ಕತ್ತಿಯಿಂದ ಕುತ್ತಿಗೆ ಕೊಯ್ದುಕೊಂಡ. ಎಸ್ಟರ್‌ಹಾಜಿ ಇಂಗ್ಲೆಂಡಿಗೆ ಓಡಿದ. 1923ರಲ್ಲಿ ಸಾಯುವವರೆಗೂ ಹಿಂದಿರುಗಲಿಲ್ಲ. ಇಷ್ಟಾದರೂ 1899ರ ಎರಡನೆಯ ವಿಚಾರಣೆಯಲ್ಲಿ ಸೈನಿಕ ನ್ಯಾಯಾಧೀಶರು ಡ್ರೈಫಸ್ಸನನ್ನು ಮತ್ತೆ ಅಪರಾಧಿ ಎಂದೇ ತೀರ್ಮಾನಿಸಿದರು; ಸರ್ಕಾರ ಕ್ಷಮಾದಾನ ಕೊಟ್ಟು ಬಿಡಿಸಿತು. ಅವನು ನಿರಪರಾಧಿಯೆಂದು ಪರಮ ನ್ಯಾಯಾಲಯ ಸಾರಿದ್ದು 1906ರ ಜುಲೈ 12ರಂದು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಪಿಕಾರನ ಪಟಕ್ಕೆ ಹಾರ ಹಾಕಿ ಕೈಮುಗಿಯಬಹುದು. ಪುಸ್ತಕ ನನಗೆ ಹಾಗೆ ಮಾಡಲು ಬಿಡಲಿಲ್ಲ.

ಅವನ ವೈರಿಗಳು ಅವನ ಮೇಲೆ ಹೊರಿಸಿದ್ದಕ್ಕೆ ಲೆಕ್ಕವಿಲ್ಲ. ನೀಲಿ ಕಾರ್ಡನ್ನು ತಾನೇ ಸೃಷ್ಟಿಸಿದನೆಂದರು. ಅದಕ್ಕಾಗಿ ಅದರ ಮೇಲಿನ ಹೆಸರನ್ನು ಯಾರೋ ಕೆರೆದು ಮತ್ತೆ ಬರೆದರು. ವಿವಾಹಿತೆಯೊಬ್ಬಳೊಡನೆ ಅವನಿಗಿದ್ದ ಸಂಬಂಧವನ್ನು ಬೀದಿಗೆಳೆದರು. ಇವು ವೈರಿಗಳ ಮಾತು; ಬಿಡೋಣ. ಆದರೆ ಸ್ನೇಹಿತರೂ ಕೇಳಬಹುದಾದ ಪ್ರಶ್ನೆಗಳಿವೆ. ಗೋರಿಗೆ ಕೊಂಡೊಯ್ಯಲಾರೆ ಎಂದವನು ಆಮೇಲೆ ಒಂಬತ್ತು ತಿಂಗಳು ಯಾರಿಗೂ ಹೇಳಲಿಲ್ಲ. 1897ರ ಜೂನಿನಲ್ಲಿ, ತನ್ನ ಜೀವಕ್ಕೂ ಮಾನಕ್ಕೂ ಸಂಚಕಾರ ಬಂದಿದೆ ಎನ್ನಿಸಿದಾಗ, ಬಾಲ್ಯಸ್ನೇಹಿತನಾದ ಒಬ್ಬ ವಕೀಲನಿಗೆ ಹೇಳಿದ. ಡ್ರೈಫಸ್ಸನ ಮನೆಯವರಿಗೆ ಮಾತ್ರ ತಿಳಿಸಕೂಡದೆಂದು ಕಟ್ಟು ಹಾಕಿದ. ಸೈನ್ಯದ ಮಾನ ಒಂದು ಕಡೆ, ಸತ್ಯ ಇನ್ನೊಂದು ಕಡೆ ಜಗ್ಗುತ್ತಿದ್ದಾಗ ಅವನು ನಡುವೆ ನಿಂತಿದ್ದ. ಅಷ್ಟು ದಿನವೂ ದ್ವೀಪದಲ್ಲಿ ಒಬ್ಬನು ದಿನ ಎಣಿಸುತ್ತಿದ್ದ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. 1906ರಲ್ಲಿ ಇಬ್ಬರನ್ನೂ ಸೈನ್ಯಕ್ಕೆ ಮತ್ತೆ ಸೇರಿಸಿಕೊಂಡರು. ಪಿಕಾರನಿಗೆ ಕಳೆದ ವರ್ಷಗಳನ್ನೆಲ್ಲ ಕಟ್ಟಿಕೊಟ್ಟು ಬ್ರಿಗೇಡಿಯರ್ ಜನರಲ್ ಪದವಿಯಿತ್ತರು. ಡ್ರೈಫಸ್ಸನಿಗೆ ಸಿಕ್ಕಿದ್ದು ಮೇಜರ್ ಪದವಿ. ಸೆರೆಯ ವರ್ಷಗಳು ಸೇವೆಯ ಲೆಕ್ಕಕ್ಕೆ ಬರಲಿಲ್ಲ. ಅದೇ ಅಕ್ಟೋಬರಿನಲ್ಲಿ ಪಿಕಾರ್ ಸಂಗೀತಗಾರ ಮಾಹ್ಲರನನ್ನು ಕೇಳಲು ವಿಯೆನ್ನಾಕ್ಕೆ ಹೋಗಿದ್ದಾಗ, ಕ್ಲೆಮಾನ್ಸೋನ ಸರ್ಕಾರದಲ್ಲಿ ಯುದ್ಧಮಂತ್ರಿಯಾಗಲು ಕರೆ ಬಂತಂತೆ. ಗೂಢಚಾರ ಶಾಖೆಯಿಂದ ಅಟ್ಟಿಸಿಕೊಂಡವನು ಅದೇ ಇಲಾಖೆಗೆ ಮಂತ್ರಿಯಾಗಿ ಬಂದ! ಡ್ರೈಫಸ್, ತನ್ನ ಸೇವಾವಧಿಯನ್ನು ಸರಿಪಡಿಸಬೇಕೆಂದು ಅವನನ್ನೇ ಕೇಳಿಕೊಂಡ. ಮಂತ್ರಿ ಪಿಕಾರ್ ಆಗುವುದಿಲ್ಲವೆಂದ. ಡ್ರೈಫಸ್ 1907ರಲ್ಲಿ ನಿವೃತ್ತಿ ತೆಗೆದುಕೊಂಡ. ಇಬ್ಬರಿಗೂ ಮೊದಲಿನಿಂದ ಸ್ನೇಹವಿರಲಿಲ್ಲ, ಕೊನೆಗೂ ಆಗಲಿಲ್ಲ. 1914ರ ಜನವರಿಯಲ್ಲಿ ಪಿಕಾರ್ ಕುದುರೆಯಿಂದ ಬಿದ್ದ ಪೆಟ್ಟಿನಿಂದ ತೀರಿಕೊಂಡ. ಡ್ರೈಫಸ್ ಅವನಿಗಿಂತ ಇಪ್ಪತ್ತೊಂದು ವರ್ಷ ಹೆಚ್ಚು ಬದುಕಿದ. ಆ ಹಳೆಯ ಬಾಕಿಯನ್ನು ತೀರಿಸಲು, ಡ್ರೈಫಸ್ಸನಿಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿ ಕೊಡಬೇಕೆಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಒಮ್ಮತದಿಂದ ಮತ ಹಾಕಿದ್ದು 2025ರ ಜೂನಿನಲ್ಲಿ. ಕಚೇರಿಗಳಲ್ಲಿ ಫೈಲು ತಡವಾಗುತ್ತದೆಂದು ನಾವು ಗೊಣಗುತ್ತೇವೆ!

ಹಾಗಾದರೆ ಈ ಮನುಷ್ಯನನ್ನು ಏನೆಂದು ಕರೆಯಬೇಕು? ಅವನು ನಿಜವಾದ ವೀರನೇ ಅಲ್ಲವೆಂದು ವಾದಿಸುವ ಚರಿತ್ರಕಾರರೂ ಇದ್ದಾರೆ. ನನಗೆ ನೆನಪಾಗುವುದು ಮಹಾಭಾರತದ ವಿಕರ್ಣ. ದ್ರೌಪದಿಯನ್ನು ಸಭೆಗೆಳೆದು ತಂದಾಗ ಭೀಷ್ಮ ದ್ರೋಣರೆಲ್ಲ ತಲೆ ತಗ್ಗಿಸಿ ಕುಳಿತಿದ್ದರು. ಎದ್ದುನಿಂತು ಇದು ಅನ್ಯಾಯ ಎಂದವನು ಕೌರವರಲ್ಲಿಯೇ ಒಬ್ಬನಾದ ಈ ಹುಡುಗ. ಅಷ್ಟು ಹೇಳಿದವನು ಪಾಂಡವರ ಕಡೆಗೆ ಹೋಗಲಿಲ್ಲ. ಅಣ್ಣನ ಪಕ್ಷದಲ್ಲಿಯೇ ಕಾದಾಡಿ ಭೀಮನ ಕೈಯಲ್ಲಿ ಸತ್ತ. ಅವನಿಗೆ ಪಾಂಡವರ ಮೇಲೆ ಪ್ರೀತಿಯಿತ್ತೆಂದಲ್ಲ. ಲೆಕ್ಕ ತಪ್ಪಾಗಿತ್ತು, ತಪ್ಪು ಎಂದ. ಪಿಕಾರನೂ ಹಾಗೆಯೇ. ಅವನು ಡ್ರೈಫಸ್ಸನನ್ನು ಪ್ರೀತಿಸಲಿಲ್ಲ, ಅವನ ಜನರನ್ನು ಗೌರವಿಸಲಿಲ್ಲ. ಆದರೆ ಅಕ್ಷರ ಯಾರದೆಂದು ಅವನ ಕಣ್ಣಿಗೆ ಕಂಡಿತು. ಕಂಡದ್ದನ್ನು ಕಾಣಲಿಲ್ಲ ಎನ್ನಲು ಅವನಿಂದಾಗಲಿಲ್ಲ.

ನಾವು ನ್ಯಾಯವನ್ನು ಪ್ರೀತಿಯ ಮೇಲೆ ನಿಲ್ಲಿಸಿದ್ದೇವೆ. ನಮ್ಮವನಾದರೆ ಹೋರಾಡುತ್ತೇವೆ, ನಮಗೆ ಬೇಕಾದವನಾದರೆ ಸಾಕ್ಷಿ ಹೇಳುತ್ತೇವೆ. ಬೇಡದವನಿಗೆ ಅನ್ಯಾಯವಾದರೆ? ಆ ಜವಾನ ಕಾಫಿಯನ್ನು ಬಿಸಿಯಾಗಿ ತರುತ್ತಿದ್ದರೆ ನಾನು ಆ ರಿಜಿಸ್ಟರನ್ನು ಸಾಹೇಬರ ಕೋಣೆಗೆ ಒಯ್ಯುತ್ತಿದ್ದೆನೇನೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಹೇಳಲು ನಾಚಿಕೆಯಾಗುತ್ತದೆ.

ನಿವೃತ್ತನಾಗುವುದಕ್ಕೆ ಎರಡು ಮೂರು ವರ್ಷ ಮೊದಲು ಒಂದು ಸಂಜೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಯಾರೋ “ಸ್ವಾಮಿ” ಎಂದು ಕರೆದರು. ತಿರುಗಿ ನೋಡಿದರೆ ಅವನೇ. ತಲೆ ಪೂರ್ತಿ ನರೆತಿತ್ತು. ಮಗಳ ಮದುವೆಯಾಯಿತಂತೆ, ಮಗನನ್ನು ಹೆಚ್ಚು ಓದಿಸಲಾಗಲಿಲ್ಲವಂತೆ, ಆ ಊರಿನಲ್ಲಿ ಹೈಸ್ಕೂಲಿರಲಿಲ್ಲವಂತೆ. ಕಚೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದ. ಆ ಗುಮಾಸ್ತರನ್ನೂ ವಿಚಾರಿಸಿದ. ಹಳೆಯ ಮಾತು ಎತ್ತಲಿಲ್ಲ. ಆಮೇಲೆ ಒಳಜೇಬಿಗೆ ಕೈಹಾಕಿ, ಮಡಿಸಿದ ಒಂದು ಐದು ರೂಪಾಯಿಯ ನೋಟು ತೆಗೆದು ನನ್ನ ಮುಂದೆ ಹಿಡಿದ. “ನಿಮ್ದು ಹಳೇ ಬಾಕಿ ಸ್ವಾಮಿ. ಮರೆತಿದ್ದೀರೇನೋ. ತೀರಿಸದೆ ಸತ್ತರೆ ಋಣ ಉಳಿಯುತ್ತೆ” ಎಂದ.

ಬೇಡವೆಂದೆ. ಅವನು ಕೈಯಲ್ಲಿ ತುರುಕಿದ. ನನ್ನ ಬಾಕಿಯ ಮಾತೂ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವನ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಅವನು ಓಡಿಹೋಗಿ ಹತ್ತಿಕೊಂಡ, ಕಿಟಕಿಯಿಂದ ಕೈಮುಗಿದ.

ನೋಟನ್ನು ಜೇಬಿನಲ್ಲಿಟ್ಟುಕೊಂಡು ನಾನೂ ನನ್ನ ಬಸ್ಸು ಹಿಡಿದೆ.